ಅಂಗಳದ ಮರಕ್ಕೆ ಗರಗಸ ಹಾಕಿಸುವ ಮುನ್ನ: ಕೆಲಸದವರನ್ನು ಗೊತ್ತುಮಾಡುವುದರಿಂದ ಬುಡದ ಆರೈಕೆವರೆಗೆ

ಬೆಂಗಳೂರು, ಮೈಸೂರು, ತುಮಕೂರಿನಂಥ ಒಳನಾಡಿನ ಊರುಗಳಲ್ಲಿ ಮರಗಳಿಗೆ ನಿಜವಾದ ಪರೀಕ್ಷೆ ಏಪ್ರಿಲ್–ಮೇ ತಿಂಗಳ ಗುಡುಗು ಮಳೆ. ಸಂಜೆ ಹೊತ್ತು ಮೋಡ ಕವಿದು ಅರ್ಧ ಗಂಟೆ ಬೀಸುವ ಗಾಳಿಗೆ ಕೊಂಬೆಗಳು ಸಿಗಿದು ಬೀಳುತ್ತವೆ. ಬೇರು ಮೊದಲೇ ಕತ್ತರಿಸಿಹೋಗಿದ್ದ ಮರ ಬುಡಸಮೇತ ಮಗುಚಿಕೊಳ್ಳುತ್ತದೆ. ಮಾರನೇ ದಿನ ಬೀದಿಯವರೆಲ್ಲ ಒಟ್ಟಿಗೇ ಮರ ಕಡಿಯುವವರನ್ನು ಹುಡುಕುತ್ತಾರೆ. ಹೆದರಿಕೆಯಲ್ಲಿ ಕರೆಸಿದ ತಂಡ ಸಾಮಾನ್ಯವಾಗಿ ಮರದ ತಲೆಯನ್ನೇ ಹಾರಿಸಿ, ಬೋಳು ಬೊಡ್ಡೆ ನಿಲ್ಲಿಸಿ ಹೋಗುತ್ತದೆ.

ಬೋಳಿಸಿದ ಮರ ನೋಡಲು ಗಿಡ್ಡವಾಗಿ, ಭದ್ರವಾಗಿ ಕಾಣುತ್ತದೆ, ಆದರೆ ಭದ್ರವಲ್ಲ. ಎಲೆಯೆಲ್ಲ ಹೋದ ಮರ ಕೂಡಿಟ್ಟ ಆಹಾರವನ್ನು ಖರ್ಚುಮಾಡಿ ಕಡಿದ ಜಾಗದ ಸುತ್ತ ಹತ್ತಾರು ಚಿಗುರುಗಳನ್ನು ಒಮ್ಮೆಲೇ ಹೊರಡಿಸುತ್ತದೆ. ಅವು ಮರದ ತಿರುಳಿನಿಂದ ಬಂದ ಕೊಂಬೆಗಳಲ್ಲ, ತೊಗಟೆಯ ಅಡಿಯಿಂದ ಎದ್ದವು. ಅವುಗಳ ಹಿಡಿತ ಮೇಲುಮೇಲಿನದು. ಇತ್ತ ಕಡಿದ ಅಗಲವಾದ ಬಾಯಿಯಿಂದ ಮಳೆನೀರು ಒಳಗಿಳಿದು ಬೊಡ್ಡೆ ಕೊಳೆಯಲು ಶುರುವಾಗಿರುತ್ತದೆ. ಮೂರ್ನಾಲ್ಕು ವರ್ಷದಲ್ಲಿ ಅದೇ ಚಿಗುರುಗಳು ತೋಳು ದಪ್ಪವಾಗಿ, ಕೊಳೆತ ಬೊಡ್ಡೆಯ ಅಂಚಿನಲ್ಲಿ ತೂಗಾಡುತ್ತಿರುತ್ತವೆ. ಮರ ಹಿಂದೆಂದಿಗಿಂತ ಅಪಾಯಕಾರಿಯಾಗುವುದು ಆಗ.

ಇದನ್ನು ತಪ್ಪಿಸುವ ಕೆಲಸ ಗರಗಸ ಹಿಡಿಯುವ ದಿನಕ್ಕಿಂತ ಬಹಳ ಮೊದಲು, ಕೂಲಿ ಮಾತಾಡುವಾಗಲೇ ಆಗಬೇಕು.

ಫೆಬ್ರವರಿಯಲ್ಲಿ ಮರವನ್ನು ನೀವೇ ನೋಡಿ

ಗಾಳಿಮಳೆ ಶುರುವಾಗಲು ಎರಡು ತಿಂಗಳಿರುವಾಗ ಒಂದು ಬೆಳಗ್ಗೆ ಅರ್ಧ ಗಂಟೆ ಇದಕ್ಕೆಂದೇ ಇಟ್ಟುಕೊಳ್ಳಿ. ಮೊದಲು ಮರದಿಂದ ದೂರ ಹೋಗಿ, ಇಡೀ ಮರ ಒಮ್ಮೆಗೇ ಕಣ್ಣಿಗೆ ಬೀಳುವಂತೆ ನಿಲ್ಲಿ. ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದಿಡಿ. ಪ್ರತಿ ವರ್ಷ ಅದೇ ಜಾಗಗಳಿಂದ ತೆಗೆದರೆ ವಾಲುವಿಕೆ ಹೆಚ್ಚಾಗಿದೆಯೇ ಎಂಬುದು ಚಿತ್ರದಲ್ಲೇ ತಿಳಿಯುತ್ತದೆ. ಹುಟ್ಟಿನಿಂದ ವಾಲಿಕೊಂಡೇ ಬೆಳೆದು, ತುದಿ ಮತ್ತೆ ಮೇಲಕ್ಕೆ ತಿರುಗಿದ ಮರಕ್ಕೆ ಹೆದರಬೇಕಿಲ್ಲ. ಈಚೆಗೆ ವಾಲಿದ್ದರೆ, ವಾಲಿದ್ದಕ್ಕೆ ಎದುರು ಬದಿಯ ಬುಡದಲ್ಲಿ ಮಣ್ಣು ಬಿರಿದಿದ್ದರೆ ಅಥವಾ ಉಬ್ಬಿದ್ದರೆ, ಆ ಮರ ಬೇರಿನ ಹಿಡಿತ ಬಿಡುತ್ತಿದೆ. ಅದಕ್ಕೆ ತಡಮಾಡುವಂತಿಲ್ಲ.

ಆಮೇಲೆ ಬುಡಕ್ಕೆ ಬನ್ನಿ. ಬುಡದಲ್ಲಿ ಅರ್ಧಚಂದ್ರಾಕಾರದ ಗಟ್ಟಿ ಅಣಬೆ ಎದ್ದಿದ್ದರೆ ಒಳಗೆ ಬೇರು ಕೊಳೆಯುತ್ತಿದೆ ಎಂದೇ ಅರ್ಥ. ಅಣಬೆಯನ್ನು ಕಿತ್ತೆಸೆದರೆ ಗುರುತು ಮಾಯವಾಗುತ್ತದೆಯೇ ಹೊರತು ರೋಗವಲ್ಲ. ಮರದ ಸುತ್ತಿಗೆ ಅಥವಾ ಸುತ್ತಿಗೆಯ ಹಿಡಿಯಿಂದ ಬೊಡ್ಡೆಯನ್ನು ಸುತ್ತಲೂ ತಟ್ಟುತ್ತ ಬನ್ನಿ. ಗಟ್ಟಿ ಜಾಗದಲ್ಲಿ ಸದ್ದು ಒಣಕಲಾಗಿ ಚುರುಕಾಗಿ ಬರುತ್ತದೆ, ಟೊಳ್ಳಿರುವಲ್ಲಿ ಗುಂಯ್ ಎನ್ನುತ್ತದೆ. ಟೊಳ್ಳಿದ್ದ ಮಾತ್ರಕ್ಕೆ ಮರ ಬೀಳುತ್ತದೆ ಎಂದಲ್ಲ. ಸುತ್ತಲಿನ ಗಟ್ಟಿ ಗೋಡೆ ಎಷ್ಟು ದಪ್ಪ ಉಳಿದಿದೆ ಎಂಬುದು ಮುಖ್ಯ, ಅದನ್ನು ತಿಳಿದವರೇ ಹೇಳಬೇಕು. ಪೊಟರೆಗೆ ಸಿಮೆಂಟ್ ತುಂಬಿಸುವ ಹಳೆಯ ಪದ್ಧತಿ ಮಾತ್ರ ಬೇಡ. ಮರ ಗಾಳಿಗೆ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ಇವೆರಡರ ನಡುವೆ ನೀರು ನಿಂತು ಕೊಳೆ ಹೆಚ್ಚುತ್ತದೆ.

ಕೊನೆಗೆ ಕವಲುಗಳು. ಎರಡು ದಪ್ಪ ಕೊಂಬೆಗಳು ಒಂದೇ ಬಿಂದುವಿನಿಂದ ಇಕ್ಕಟ್ಟಾಗಿ ಮೇಲೆದ್ದು, ನಡುವೆ ತೊಗಟೆ ಒಳಗೆ ಸಿಕ್ಕಿಕೊಂಡಂತೆ ಕಂಡರೆ ಅದೇ ಮುರಿಯುವ ಜಾಗ. ಅಗಲವಾಗಿ ತೆರೆದ, ಸಂದಿಯಲ್ಲಿ ತೊಗಟೆ ಉಬ್ಬಿ ಮಡಿಕೆಯಾದ ಕವಲು ಗಟ್ಟಿ.

ಕಳೆದ ವರ್ಷ ಚರಂಡಿ, ಕೇಬಲ್, ಗ್ಯಾಸ್ ಪೈಪಿಗೆಂದು ಮರದ ಪಕ್ಕ ಅಗೆದಿದ್ದರೆ ಅದನ್ನೂ ಬರೆದುಕೊಳ್ಳಿ. ಬೊಡ್ಡೆಯಿಂದ ಮೂರು ನಾಲ್ಕು ಅಡಿಯೊಳಗೆ ಕಾಲುವೆ ತೋಡಿದ್ದರೆ ಆ ಬದಿಯ ಹಿಡಿತದ ಬೇರುಗಳು ಹೋಗಿವೆ ಎಂದೇ ಎಣಿಸಬೇಕು. ಮೇಲೆ ಎಲೆ ಹಸಿರಾಗಿಯೇ ಇರುತ್ತದೆ, ಮರ ಎರಡು ಮೂರು ವರ್ಷ ಏನೂ ಆಗಿಲ್ಲವೆಂಬಂತೆ ನಿಂತಿರುತ್ತದೆ.

ಮರದ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಮಡಗಾಸ್ಕರಿನಿಂದ ಬಂದ ಗುಲ್‌ಮೊಹರ್, ಬೀದಿಬದಿಯ ಹಳದಿ ಹೂವಿನ ಪೆಲ್ಟೋಫೋರಂ, ನೀರುಕಾಯಿ ಮರ, ಸಿಲ್ವರ್ ಓಕ್ ಇವುಗಳ ಮರ ಮೆದು ಅಥವಾ ಪೆಡಸು, ಬೇಗ ಮುರಿಯುತ್ತವೆ. ಬೇವು, ಹೊಂಗೆ, ನೇರಳೆ, ಹುಣಸೆ ಗಾಳಿಯನ್ನು ಚೆನ್ನಾಗಿ ತಡೆಯುತ್ತವೆ. ಹೊಂಗೆಯ ಬುಡದಲ್ಲಿ ಕಾರು ನಿಲ್ಲಿಸುವವರು ಗುಲ್‌ಮೊಹರ್ ಅಡಿಯಲ್ಲೂ ಹಾಗೇ ನಿಲ್ಲಿಸಬಾರದು.

ಅನುಮತಿ ಎಲ್ಲಿ ಬೇಕು

ಮರ ನಿಮ್ಮ ಸೈಟಿನೊಳಗಿದ್ದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಅದಕ್ಕೆ ಅನ್ವಯಿಸುತ್ತದೆ. ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ಮರ ಉರುಳಿಸುವಂತಿಲ್ಲ. ಸುಡುವುದು, ಬುಡಕ್ಕೆ ಆಸಿಡ್ ಸುರಿದು ಸಾಯಿಸುವುದು ಕೂಡ ಕಡಿದಂತೆಯೇ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಪಟ್ಟಿಗೆ ತಿದ್ದುಪಡಿಗಳಾಗಿರುವುದರಿಂದ ನಿಮ್ಮ ಮರದ ಹೆಸರು ಹೇಳಿ ಕಚೇರಿಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ಬೆಂಗಳೂರಿನಲ್ಲಿ ಪಾಲಿಕೆಯ ಅರಣ್ಯ ವಿಭಾಗ, ಬೇರೆಡೆ ಅರಣ್ಯ ಇಲಾಖೆಯ ಕಚೇರಿ ಇದನ್ನು ನೋಡಿಕೊಳ್ಳುತ್ತದೆ.

ಅರ್ಜಿಯ ಜೊತೆ ಜಾಗದ ದಾಖಲೆ, ಮರ ನಿಂತಿರುವ ಜಾಗದ ಕೈನಕ್ಷೆ, ಜಾತಿ, ಎದೆಮಟ್ಟದಲ್ಲಿ ಸುತ್ತಳತೆ, ಫೋಟೊ, ಮತ್ತು ಕಾರಣ ಇರಲಿ. ಸತ್ತ, ರೋಗ ಹಿಡಿದ, ಗಾಳಿಗೆ ಬಿದ್ದ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರಕ್ಕೆ ಅನುಮತಿ ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ. ಹಾಗಾಗಿ "ತೊಂದರೆಯಾಗುತ್ತಿದೆ" ಎಂದು ಬರೆಯುವ ಬದಲು "ಬುಡದ ಉತ್ತರ ಬದಿಯಲ್ಲಿ ಅಣಬೆ, ಮಣ್ಣು ಬಿರಿದಿದೆ, ಮರ ಮನೆಯ ಕಡೆ ವಾಲಿದೆ" ಎಂದು ಕಂಡದ್ದನ್ನು ಬರೆಯಿರಿ. ಬದಲಿಗೆ ಸಸಿ ನೆಡಬೇಕೆಂಬ ಷರತ್ತು ಬರಬಹುದು. ದೊಡ್ಡ ಕೊಂಬೆ ತೆಗೆಸುವುದಿದ್ದರೂ ಮೊದಲು ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ; ನೆರೆಯವರು ದೂರು ಕೊಟ್ಟಾಗ ಕೈಯಲ್ಲಿ ಕಾಗದ ಇರುತ್ತದೆ.

ಕಾಂಪೌಂಡಿನ ಹೊರಗಿನ ಮರ ನಿಮ್ಮದಲ್ಲ. ಅದರ ಕೊಂಬೆ ನಿಮ್ಮ ಸಜ್ಜಾಕ್ಕೆ ಬಡಿಯುತ್ತಿದ್ದರೂ ಖಾಸಗಿಯವರಿಂದ ಕಡಿಸುವಂತಿಲ್ಲ. ಬೆಂಗಳೂರಿನಲ್ಲಿ ಪಾಲಿಕೆಯ ಸಹಾಯವಾಣಿ 1533ಕ್ಕೆ ದೂರು ದಾಖಲಿಸಿ ಸಂಖ್ಯೆ ಬರೆದುಕೊಳ್ಳಿ. ಅಂಗಳದಲ್ಲಿ ಶ್ರೀಗಂಧ ಇದ್ದರೆ ಅದರ ವಿಷಯವೇ ಬೇರೆ: ಮರ ನಿಮ್ಮದೇ ಆದರೂ ಅರಣ್ಯ ಇಲಾಖೆಗೆ ತಿಳಿಸದೆ ಕಡಿಯುವುದಾಗಲಿ ಸಾಗಿಸುವುದಾಗಲಿ ಅಪರಾಧ. ಒಣಗಿದ ಕೊಂಬೆಯಾದರೂ ಮರ ಕಡಿಯುವವರ ಕೈಗೆ ಕೊಡಬೇಡಿ.

ಯಾರನ್ನು ಕರೆಯಬೇಕು

ಮರ ಸವರಲು ಬರುವವರಲ್ಲಿ ಬಹುಪಾಲು ಸೌದೆ ಅಂಗಡಿ ಅಥವಾ ಸಾಮಿಲ್ ಜೊತೆ ನಂಟಿರುವವರು. "ಕೂಲಿ ಬೇಡ ಸಾರ್, ಮರ ನಾವೇ ತಗೊಂಡ್ ಹೋಗ್ತೀವಿ" ಎಂಬ ಮಾತು ಕೇಳಲು ಲಾಭದಂತಿದೆ. ಆದರೆ ಮರದ ತೂಕದಲ್ಲಿ ಕೂಲಿ ಪಡೆಯುವವನು ತೆಳ್ಳನೆಯ ಒಣ ರೆಂಬೆಗಳನ್ನು ಬಿಟ್ಟು, ದಪ್ಪನೆಯ ಜೀವಂತ ಕೊಂಬೆಗಳನ್ನೇ ಆರಿಸಿ ಕಡಿಯುತ್ತಾನೆ. ಅವನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, ಒಪ್ಪಂದವೇ ಹಾಗೆ ಮಾಡಿಸುತ್ತದೆ. ಆದ್ದರಿಂದ ಕೂಲಿ ಬೇರೆ, ಮರ ಬೇರೆ ಎಂದು ಮೊದಲೇ ಮಾತಾಡಿ. ಕೆಲಸಕ್ಕೆ ದಿನಗೂಲಿ ಅಥವಾ ಗುತ್ತಿಗೆ ಮೊತ್ತ ನಿಗದಿಯಾಗಲಿ. ಸೌದೆಯನ್ನು ಅವರೇ ಕೊಳ್ಳುವುದಿದ್ದರೆ, ಕೆಲಸ ಮುಗಿದ ಮೇಲೆ ನೆಲದಲ್ಲಿ ಬಿದ್ದದ್ದನ್ನು ನೋಡಿ ಬೆಲೆ ಕಟ್ಟಲಿ. ಈ ಒಂದು ಮಾತು ನಿಮ್ಮ ಮರವನ್ನು ಉಳಿಸುವಷ್ಟು ಬೇರಾವುದೂ ಉಳಿಸುವುದಿಲ್ಲ.

ಮರದ ಆರೋಗ್ಯ ತಪಾಸಣೆಯಲ್ಲಿ ತರಬೇತಿ ಪಡೆದವರು, ಅಂದರೆ ಆರ್ಬರಿಸ್ಟ್‌ಗಳು, ನಮ್ಮಲ್ಲಿ ಅಪರೂಪ. ದೊಡ್ಡ ಹಳೆಯ ಮರ ಮನೆಯ ಮೇಲೇ ಚಾಚಿದ್ದರೆ ಹುಡುಕಿ ಕರೆಸುವುದು ಸಾರ್ಥಕ. ಉಳಿದಂತೆ ರೋಗ, ಹುಳದ ಬಗ್ಗೆ ತೋಟಗಾರಿಕೆ ಇಲಾಖೆ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ರೋಗ ಹಿಡಿದ ಎಲೆ, ತೊಗಟೆಯ ಫೋಟೊ, ಸಾಧ್ಯವಾದರೆ ಮಾದರಿ ಒಯ್ಯಿರಿ.

ಕನಿಷ್ಠ ಇಬ್ಬರನ್ನು ಕರೆಸಿ ಮರ ತೋರಿಸಿ. ಫೋನಿನಲ್ಲೇ ದರ ಹೇಳುವವರು ಬೇಡ. ಮರದ ಕೆಳಗೆ ನಿಂತು ಈ ಪ್ರಶ್ನೆಗಳನ್ನು ಕೇಳಿ:

- ಯಾವ ಕೊಂಬೆ ತೆಗೆಯುತ್ತೀರಿ, ಎಲ್ಲಿಗೆ ಕಡಿಯುತ್ತೀರಿ? (ಕೈ ತೋರಿಸಿ ಹೇಳಲಿ. "ಎಲ್ಲ ಹೊಡೆದು ಕ್ಲೀನ್ ಮಾಡ್ತೀವಿ" ಎಂದರೆ ಅಲ್ಲಿಗೇ ನಿಲ್ಲಿಸಿ.)
- ಕಬ್ಬಿಣದ ಮುಳ್ಳಿನ ಶೂ ಹಾಕಿ ಹತ್ತುತ್ತೀರಾ? (ಉಳಿಸಿಕೊಳ್ಳುವ ಮರಕ್ಕೆ ಅದು ಬೇಡ, ಪ್ರತಿ ಹೆಜ್ಜೆಯೂ ಒಂದು ಗಾಯ.)
- ಸೊಂಟದ ಬೆಲ್ಟ್, ಹೆಲ್ಮೆಟ್, ಕೊಂಬೆ ಇಳಿಸುವ ಹಗ್ಗ ನಿಮ್ಮ ಬಳಿಯೇ ಇವೆಯೇ?
- ಮೇಲೆ ಹತ್ತುವವರು ಯಾರು, ಅವರಿಗೆ ಅಪಘಾತ ವಿಮೆ ಇದೆಯೇ?

ಕೊನೆಯದನ್ನು ಕೇಳಲು ಸಂಕೋಚ ಬೇಡ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು 2022ರಿಂದ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವಾದರೆ 2 ಲಕ್ಷ ರೂಪಾಯಿ. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆ ಇರುವ ಯಾರಾದರೂ ಮಾಡಿಸಬಹುದು. ಹತ್ತುವವರಿಗೆ ಅದು ಇಲ್ಲದಿದ್ದರೆ ಕೆಲಸದ ದಿನಕ್ಕೆ ಮೊದಲೇ ನೀವೇ ಮಾಡಿಸಿಕೊಡಿ. ನಲವತ್ತು ಅಡಿ ಎತ್ತರದಲ್ಲಿ ಒಬ್ಬ ಮನುಷ್ಯ ನಿಮ್ಮ ಮನೆಯ ಕೆಲಸಕ್ಕೆ ನಿಂತಿರುತ್ತಾನೆ. ಈ ಯೋಜನೆ ಕನಿಷ್ಠದ್ದು, ಸಾಕಾಗುವಷ್ಟಲ್ಲ ಎಂಬುದೂ ನೆನಪಿರಲಿ.

ಒಂದು ಹಾಳೆಯ ಒಪ್ಪಂದ

ದೊಡ್ಡ ಕಾಗದಪತ್ರ ಬೇಕಿಲ್ಲ. ತೆಗೆಯಬೇಕಾದ ಕೊಂಬೆಗೆ ಬಣ್ಣದ ದಾರ ಕಟ್ಟಿ ಅಥವಾ ಸುಣ್ಣದ ಗುರುತು ಹಾಕಿ, ಸಂಖ್ಯೆ ಕೊಡಿ. ಹಾಳೆಯಲ್ಲಿ ಹೀಗೆ ಬರೆಯಿರಿ: "ಮಾವಿನ ಮರದಲ್ಲಿ ಗುರುತು ಹಾಕಿದ 1ರಿಂದ 5ರವರೆಗಿನ ಕೊಂಬೆಗಳನ್ನು ಮಾತ್ರ, ಕೊಂಬೆ ಬೊಡ್ಡೆಗೆ ಸೇರುವಲ್ಲಿನ ಉಬ್ಬಿನವರೆಗೆ ತೆಗೆಯುವುದು. ಒಣ ರೆಂಬೆಗಳನ್ನೆಲ್ಲ ತೆಗೆಯುವುದು. ತುದಿ ಹಾರಿಸುವಂತಿಲ್ಲ. ಕೊಂಬೆಗಳನ್ನು ಹಗ್ಗ ಕಟ್ಟಿ ಇಳಿಸುವುದು. ಸೊಪ್ಪು, ಕಸ ಅದೇ ದಿನ ಸಾಗಿಸುವುದು. ಕಾಂಪೌಂಡು, ಹಂಚು, ನೀರಿನ ಟ್ಯಾಂಕು, ಸೋಲಾರ್ ಹೀಟರಿಗೆ ಹಾನಿಯಾದರೆ ದುರಸ್ತಿ ಗುತ್ತಿಗೆದಾರರದು." ಕೆಳಗೆ ಮೊತ್ತ, ದಿನಾಂಕ, ಇಬ್ಬರ ಸಹಿ.

ಮುಂಗಡ ಐದರಲ್ಲಿ ಒಂದು ಪಾಲು ಸಾಕು. ಉಳಿದದ್ದು ಕಸ ಸಾಗಿದ ಮೇಲೆ. ಸೊಪ್ಪಿನ ಗುಡ್ಡೆಯನ್ನು ಬೀದಿಗೆ ಎಳೆದಿಟ್ಟು ಮಾಯವಾಗುವುದು ಈ ಕೆಲಸದಲ್ಲಿ ಅತಿ ಸಾಮಾನ್ಯವಾದ ದೂರು. ಹಣ ಕೈಯಲ್ಲಿದ್ದರೆ ಅದು ಆಗುವುದಿಲ್ಲ.

ಎಷ್ಟು, ಯಾವಾಗ

ಒಂದು ವರ್ಷದಲ್ಲಿ ಜೀವಂತ ಎಲೆಯ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಹಳೆಯ ಮರಕ್ಕೆ ಅದಕ್ಕೂ ಕಡಿಮೆ. ನಾಲ್ಕು ಅಂಗುಲಕ್ಕಿಂತ ದಪ್ಪದ ಕೊಂಬೆ ಕಡಿದ ಗಾಯ ಮುಚ್ಚಲು ವರ್ಷಗಳೇ ಬೇಕು, ಎಷ್ಟೋ ಸಲ ಮುಚ್ಚುವುದೇ ಇಲ್ಲ. ಆದ್ದರಿಂದ ದಪ್ಪ ಕೊಂಬೆ ತೆಗೆಯಲು ಬಲವಾದ ಕಾರಣ ಬೇಕು. ಕೊಂಬೆ ಹೆಬ್ಬೆರಳಿನಷ್ಟಿರುವಾಗಲೇ ತೆಗೆಯುವುದು ಎಲ್ಲಕ್ಕಿಂತ ಒಳ್ಳೆಯದು.

ಒಣ ಕೊಂಬೆ, ಅಪಾಯದ ಕೊಂಬೆಗಳನ್ನು ಫೆಬ್ರವರಿ–ಮಾರ್ಚ್‌ನಲ್ಲಿ ಮುಗಿಸಿ. ಉಳಿದ ಸವರುವಿಕೆ ಮರದ ಪ್ರಕಾರ. ಮಾವಿಗೆ ಕೊಯ್ಲು ಮುಗಿದ ಕೂಡಲೇ, ಜುಲೈ–ಆಗಸ್ಟ್‌ನೊಳಗೆ. ತಡವಾದರೆ ಹೊಸ ಚಿಗುರು ಬಲಿಯುವಷ್ಟರಲ್ಲಿ ಹೂವಿನ ಕಾಲ ಬಂದು ಮುಂದಿನ ಫಸಲು ಹೋಗುತ್ತದೆ. ಹಲಸು ಬಿಡುವುದು ಬೊಡ್ಡೆ ಮತ್ತು ದಪ್ಪ ಕೊಂಬೆಗಳಲ್ಲಿ, ಹಾಗಾಗಿ ಅಲ್ಲಿ ಕೈಹಾಕದೆ ಒಣ ತೊಟ್ಟು, ಒಳಗಿನ ಸಣ್ಣ ರೆಂಬೆ ಮಾತ್ರ ಬಿಡಿಸಿ. ಸೀಬೆ ಹೊಸ ಚಿಗುರಿನಲ್ಲಿ ಕಾಯಿ ಬಿಡುವುದರಿಂದ ತುದಿ ಸವರಿದಷ್ಟೂ ಹಿಗ್ಗುತ್ತದೆ. ನುಗ್ಗೆಯನ್ನು ಕೊಯ್ಲಿನ ನಂತರ ಮೂರಡಿಗೆ ಕಡಿದರೂ ಚಿಗುರಿಕೊಳ್ಳುತ್ತದೆ. ತಲೆ ಕಡಿಸಿಕೊಂಡು ಬದುಕುವ ಇಂಥ ಮರಗಳನ್ನು ನೋಡಿಯೇ ಜನ ಎಲ್ಲ ಮರವನ್ನೂ ಹಾಗೆ ಮಾಡಬಹುದು ಎಂದುಕೊಳ್ಳುತ್ತಾರೆ. ಸಪೋಟಕ್ಕೆ ಹೆಚ್ಚೇನೂ ಬೇಡ.

ಕಡಿಯುವ ದಿನ

ವಿದ್ಯುತ್ ತಂತಿ ಮೊದಲು. ಕೊಂಬೆ ತಂತಿಯಿಂದ ಹತ್ತು ಅಡಿಯೊಳಗಿದ್ದರೆ ಮರ ಕಡಿಯುವವರ ಧೈರ್ಯವನ್ನು ನಂಬಿ ಮುಂದುವರಿಯಬೇಡಿ. ಬೆಸ್ಕಾಂ ವ್ಯಾಪ್ತಿಯಲ್ಲಿ 1912ಕ್ಕೆ, ಬೇರೆಡೆ ನಿಮ್ಮ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಮೊದಲೇ ತಿಳಿಸಿ, ಲೈನ್ ನಿಲ್ಲಿಸಿದ್ದಾರೆಂದು ಲೈನ್‌ಮನ್ ಬಾಯಿಂದಲೇ ಕೇಳಿದ ಮೇಲೆ ಮರ ಹತ್ತಿಸಿ. ಮನೆಯಲ್ಲಿ ಕರೆಂಟ್ ಹೋಗಿದ್ದರೆ ಹನ್ನೊಂದು ಸಾವಿರ ವೋಲ್ಟಿನ ತಂತಿಯೂ ಆಫ್ ಆಗಿದೆ ಎಂದು ತಿಳಿಯಬೇಡಿ, ಅವು ಬೇರೆ ಬೇರೆ. ಹಣ್ಣು ಕೀಳಲು ಅಲ್ಯೂಮಿನಿಯಂ ದೋಟಿ ಬಳಸುವವರಿಗೂ ಇದೇ ಮಾತು. ಮಳೆಯಲ್ಲಿ ನೆನೆದ ಬಿದಿರಿನ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ.

ಹಿಂದಿನ ಸಂಜೆ ಮರದ ಮೇಲೆ ಹೆಜ್ಜೇನು, ಕಡಜದ ಗೂಡು ಇದೆಯೇ ನೋಡಿ. ಹಕ್ಕಿಗೂಡಿನಲ್ಲಿ ಮೊಟ್ಟೆ, ಮರಿ ಇದ್ದರೆ ಆ ಕೊಂಬೆಯನ್ನು ಕೆಲವು ವಾರ ಬಿಟ್ಟುಬಿಡಿ. ಬೆಳಗ್ಗೆ ವಾಹನ ಸರಿಸಿ, ಮಕ್ಕಳನ್ನೂ ನಾಯಿಯನ್ನೂ ಒಳಗೆ ಬಿಟ್ಟು, ಬೀದಿಯ ಎರಡೂ ಕಡೆ ಹಗ್ಗ ಕಟ್ಟಿ ಒಬ್ಬರನ್ನು ನಿಲ್ಲಿಸಿ.

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕಡಿದರೆ, ಮುಕ್ಕಾಲು ಕಡಿಯುವಷ್ಟರಲ್ಲಿ ಅದು ತನ್ನ ಭಾರಕ್ಕೇ ಮುರಿದು, ಬೊಡ್ಡೆಯ ತೊಗಟೆಯನ್ನು ಎರಡು ಮೂರು ಅಡಿ ಸೀಳಿಕೊಂಡೇ ಬೀಳುತ್ತದೆ. ಆ ಗಾಯ ಮಾಯುವಂಥದ್ದಲ್ಲ. ಅದಕ್ಕೇ ಮೂರು ಕಡಿತ:

1. ಬೊಡ್ಡೆಯಿಂದ ಒಂದಡಿ ದೂರದಲ್ಲಿ, ಕೊಂಬೆಯ ಕೆಳಗಿನಿಂದ ಮೇಲಕ್ಕೆ, ಮೂರನೇ ಒಂದು ಭಾಗದಷ್ಟು ಆಳ.
2. ಅದಕ್ಕಿಂತ ಎರಡು ಮೂರು ಅಂಗುಲ ಆಚೆ, ಮೇಲಿನಿಂದ ಕೆಳಕ್ಕೆ, ಕೊಂಬೆ ಬೀಳುವವರೆಗೆ. ಕೆಳಗಿನ ಕಚ್ಚು ಇರುವುದರಿಂದ ತೊಗಟೆ ಸಿಗಿಯುವುದು ಅಲ್ಲಿಗೇ ನಿಲ್ಲುತ್ತದೆ.
3. ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿನ ಹೊರ ಅಂಚಿಗೆ ಸರಿಯಾಗಿ ತೆಗೆಯುವುದು.

ಮೂರನೆಯದೇ ಸೂಕ್ಷ್ಮ. ಕೊಂಬೆ ಬೊಡ್ಡೆಗೆ ಸೇರುವಲ್ಲಿ ಸುತ್ತಲೂ ಬಳೆ ತೊಡಿಸಿದಂತೆ ತೊಗಟೆ ಸುಕ್ಕುಗಟ್ಟಿ ಉಬ್ಬಿರುತ್ತದೆ. ಗಾಯ ಮುಚ್ಚುವ ಹೊಸ ತೊಗಟೆ ಹುಟ್ಟುವುದು ಅಲ್ಲಿಂದಲೇ. ನುಣ್ಣಗೆ ಕಾಣಲೆಂದು ಬೊಡ್ಡೆಗೆ ಸಮವಾಗಿ ಕೊಯ್ದರೆ ಆ ಉಬ್ಬೂ ಹೋಗಿ, ಗಾಯ ದೊಡ್ಡದಾಗಿ ಬಾಯಿ ತೆರೆದೇ ಉಳಿಯುತ್ತದೆ. ಒಂದಡಿ ಮೋಟು ಬಿಟ್ಟರೆ ಅದು ಒಣಗಿ, ಕೊಳೆತು, ಕೊಳೆ ಬೊಡ್ಡೆಯೊಳಕ್ಕೆ ಇಳಿಯುತ್ತದೆ. ಸರಿಯಾಗಿ ಕಡಿದಿದ್ದಾರೆಯೇ ಎಂದು ಮುಂದಿನ ವರ್ಷ ಗಾಯವೇ ಹೇಳುತ್ತದೆ: ಸುತ್ತಲೂ ಒಂದೇ ಸಮ ಉಂಗುರದಂತೆ ಹೊಸ ತೊಗಟೆ ಒಳಕ್ಕೆ ಬರುತ್ತಿದ್ದರೆ ಕೆಲಸ ಚೆನ್ನಾಗಿತ್ತು. ಎರಡು ಪಕ್ಕಗಳಲ್ಲಿ ಮಾತ್ರ ಉರುಳಿ, ಮೇಲೆ ಕೆಳಗೆ ಬರಿದಾಗಿದ್ದರೆ ಉಬ್ಬನ್ನು ಕೊಯ್ದಿದ್ದಾರೆ.

ಮಚ್ಚಿನಿಂದ ಜಜ್ಜಿದ ಗಾಯಕ್ಕಿಂತ ಗರಗಸದ ಗಾಯ ಬೇಗ ಮಾಯುತ್ತದೆ. ರೋಗ ಹಿಡಿದ ಮರಕ್ಕೆ ಬಳಸಿದ ಗರಗಸವನ್ನು ಸ್ಪಿರಿಟ್‌ನಲ್ಲಿ ಒರೆಸದೆ ಇನ್ನೊಂದಕ್ಕೆ ಹಚ್ಚಿಸಬೇಡಿ.

ಗಾಯಕ್ಕೆ ಏನು ಹಚ್ಚಬೇಕು

ಟಾರು, ಆಯಿಲ್ ಪೇಂಟ್, ಸೆಗಣಿ ಹಚ್ಚುವುದರಿಂದ ಕೊಳೆ ನಿಲ್ಲುವುದಿಲ್ಲ. ಟಾರಿನ ಅಡಿಯಲ್ಲಿ ತೇವ ಉಳಿದು ಹೆಚ್ಚೇ ಆಗಬಹುದು. ಸರಿಯಾಗಿ ಕಡಿದ ಸಣ್ಣ ಗಾಯವನ್ನು ಹಾಗೇ ಬಿಡುವುದು ಉತ್ತಮ. ಮಾವು, ನಿಂಬೆಯಂಥ ಹಣ್ಣಿನ ಮರಗಳಲ್ಲಿ ಅಂಟು ಸೋರುವ ಶಿಲೀಂಧ್ರ ರೋಗ ಇದ್ದರೆ, ಅಥವಾ ಮಲೆನಾಡಿನಂತೆ ಮಳೆ ಬಿಡುವು ಕೊಡದ ಕಡೆ, ಬೋರ್ಡೋ ಮುಲಾಮು ಉಪಯೋಗಕ್ಕೆ ಬರುತ್ತದೆ.

ಮನೆಮಟ್ಟಿಗೆ: 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ. ಕಬ್ಬಿಣ, ತಗಡಿನ ಪಾತ್ರೆ ಬೇಡ, ತುತ್ತ ಅದನ್ನು ತಿನ್ನುತ್ತದೆ. ಸುಣ್ಣದ ನೀರು ತಣ್ಣಗಾದ ಮೇಲೆ, ಕೋಲಿನಿಂದ ಕಲಕುತ್ತ ತುತ್ತದ ನೀರನ್ನು ಅದಕ್ಕೆ ನಿಧಾನವಾಗಿ ಸುರಿಯಿರಿ. ಹೊಳೆಯುವ ಚಾಕುವಿನ ತುದಿಯನ್ನು ಒಂದು ನಿಮಿಷ ಅದ್ದಿ ನೋಡಿ: ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಹಾಗೇ ಬಳಿದರೆ ತೊಗಟೆ ಸುಡುತ್ತದೆ. ಅದೇ ದಿನ ಬಳಸಿ ಮುಗಿಸಿ, ಮರುದಿನಕ್ಕೆ ಅದರಲ್ಲಿ ಸತ್ವ ಇರುವುದಿಲ್ಲ. ಮಳೆಗಾಲಕ್ಕೆ ಮೊದಲು ಬುಡದಿಂದ ಎರಡು ಮೂರು ಅಡಿವರೆಗೂ ಬಳಿಯಬಹುದು.

ತೆಂಗು ಬೇರೆಯೇ ಲೆಕ್ಕ

ತೆಂಗಿಗೆ ಬೆಳೆಯುವ ಜಾಗ ಒಂದೇ, ಸುಳಿ. ಅದು ಹೋದರೆ ಮರ ಹೋಯಿತು. ಸವರುವುದು ಎಂಬುದೇ ಅದಕ್ಕಿಲ್ಲ. ಜೋತುಬಿದ್ದು ಒಣಗಿದ ಗರಿ, ಒಣ ಹೊಂಬಾಳೆ, ಕಾಯಿ ಇಷ್ಟನ್ನೇ ಇಳಿಸಬೇಕು. ಹಬ್ಬದ ಚಪ್ಪರಕ್ಕೋ ಅಂದಕ್ಕೋ ಹಸಿರು ಗರಿ ಕಡಿಸಿದರೆ ಅದರ ಕಂಕುಳಿನ ಗೊನೆ ಸೊರಗುತ್ತದೆ. ಕಡಿಯಲೇಬೇಕಾದರೆ ಮಟ್ಟೆಯನ್ನು ಬುಡದಿಂದ ನಾಲ್ಕು ಅಡಿ ಬಿಟ್ಟು ಕತ್ತರಿಸಿ. ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆ ಇಡುತ್ತದೆ; ಮರಿಹುಳು ಮಟ್ಟೆಯ ಉದ್ದಕ್ಕೆ ಕೊರೆದು ಕಾಂಡ ತಲುಪದಿರಲಿ ಎಂದು ಈ ಅಂತರ. ಹತ್ತಲು ಅನುಕೂಲವೆಂದು ಕಾಂಡಕ್ಕೆ ಕಚ್ಚು ಹಾಕಿಸುವುದು ಆ ಹುಳುವಿಗೆ ಬಾಗಿಲು ತೆರೆದಂತೆ.

ಎಳೆ ಗರಿ ಬಿಚ್ಚಿಕೊಂಡಾಗ ಕತ್ತರಿಯಿಂದ ತ್ರಿಕೋನವಾಗಿ ಕತ್ತರಿಸಿದಂತೆ ಕಂಡರೆ ಅದು ರೈನೋಸಿರಸ್ ದುಂಬಿಯ ಕೆಲಸ. ಮೇಲಿನ ಎಳೆ ಗರಿಗಳ ಕಂಕುಳಲ್ಲಿ ಮೂರು ನುಸಿಗುಳಿಗೆ ಇಟ್ಟು ಮರಳು ಮುಚ್ಚಿಸಿ, 45 ದಿನಕ್ಕೊಮ್ಮೆ ಹೊಸದು ಹಾಕಿಸಿ. ಈ ದುಂಬಿ ಹುಟ್ಟುವುದು ಗೊಬ್ಬರದ ಗುಂಡಿಯಲ್ಲಿ, ಕೊಳೆತ ತೆಂಗಿನ ಬೊಡ್ಡೆಯಲ್ಲಿ. ಅಂಗಳದ ಮೂಲೆಯ ತಿಪ್ಪೆಯನ್ನು ಕೆದಕಿ ದಪ್ಪನೆಯ ಬಿಳಿ ಹುಳುಗಳನ್ನು ಆರಿಸಿ ಕೊಲ್ಲದಿದ್ದರೆ ಮರದ ಮೇಲಿನ ಉಪಚಾರ ಅರ್ಧದ್ದೇ.

ಫಸಲು ಬಿಡುವ ಮರಕ್ಕೆ ವರ್ಷಕ್ಕೆ 50 ಕಿಲೋ ಕೊಟ್ಟಿಗೆ ಗೊಬ್ಬರ, ಸುಮಾರು 1.1 ಕಿಲೋ ಯೂರಿಯಾ, 2 ಕಿಲೋ ಸಿಂಗಲ್ ಸೂಪರ್ ಫಾಸ್ಫೇಟ್, 2 ಕಿಲೋ ಪೊಟ್ಯಾಶ್. ರಾಸಾಯನಿಕ ಗೊಬ್ಬರದ ಮೂರನೇ ಒಂದು ಪಾಲು ಮುಂಗಾರಿನ ಆರಂಭದಲ್ಲಿ, ಉಳಿದದ್ದು ಸೆಪ್ಟೆಂಬರಿನಲ್ಲಿ, ಬುಡದಿಂದ ಆರು ಅಡಿ ಸುತ್ತಿನ ಪಾತಿಯಲ್ಲಿ ಹರಡಿ ಮಣ್ಣು ಮುಚ್ಚಬೇಕು. ಪೊಟ್ಯಾಶ್ ಬಿಟ್ಟು ಯೂರಿಯಾ ಮಾತ್ರ ಹಾಕುವುದು ಮನೆಗಳಲ್ಲಿ ಕಾಣುವ ತಪ್ಪು. ತೆಂಗಿಗೆ ಹೆಚ್ಚು ಬೇಕಾದದ್ದು ಪೊಟ್ಯಾಶ್.

ಮರ ಹತ್ತುವವರು ಸಿಗುವುದಿಲ್ಲ ಎನ್ನುವವರು ತೆಂಗು ಅಭಿವೃದ್ಧಿ ಮಂಡಳಿಯನ್ನು ವಿಚಾರಿಸಿ. ಮಂಡಳಿ ಯಂತ್ರದ ಸಹಾಯದಿಂದ ಹತ್ತುವ ತರಬೇತಿ ಕೊಡುತ್ತ ಬಂದಿದೆ, ಹತ್ತುವವರಿಗೆ 'ಕೇರ ಸುರಕ್ಷಾ' ಎಂಬ ವಿಮೆಯೂ ಇದೆ.

ಬುಡಕ್ಕೆ ಉಸಿರು

ನೀರು, ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಮರದ ನೆರಳಿನ ಅಂಚನ್ನು ದಾಟಿ ಹೋಗಿರುತ್ತವೆ. ಬೊಡ್ಡೆಗೆ ಅಂಟಿಸಿ ಟೈಲ್ಸ್ ಹಾಕಿದಾಗ ಸಾಯುವುದು ಅವೇ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್ ವ್ಯಾಪ್ತಿಯ ಕಾಂಕ್ರೀಟ್ ತೆಗೆಸಲು ಆದೇಶಿಸಿತ್ತು. ನಿಮ್ಮ ಅಂಗಳದಲ್ಲೂ ಕನಿಷ್ಠ ಅಷ್ಟು ಬಿಡಿ. ಈಗಾಗಲೇ ಹಾಕಿದ್ದನ್ನು ಒಡೆಯುವಾಗ ಯಂತ್ರದ ಬದಲು ಉಳಿ ಸುತ್ತಿಗೆ ಬಳಸಿ. ಬೇರು ಕಂಡಲ್ಲಿ ಕೈಯಿಂದ ಮಣ್ಣು ಬಿಡಿಸಿ.

ಬಿದ್ದ ಎಲೆಯನ್ನು ಗುಡಿಸಿ ಸುಡಬೇಡಿ. ತರಗೆಲೆ, ತೆಂಗಿನ ನಾರಿನ ಪುಡಿಯನ್ನು ಮೂರು ಅಂಗುಲ ದಪ್ಪ ಹರಡಿ, ಆದರೆ ಬೊಡ್ಡೆಯಿಂದ ಒಂದು ಗೇಣು ದೂರ ಇರಲಿ. ತೊಗಟೆಗೆ ತಾಗಿ ರಾಶಿ ಹಾಕಿದರೆ ಬುಡ ಕೊಳೆಯುತ್ತದೆ, ಗೆದ್ದಲೂ ಬರುತ್ತದೆ. ಮೊದಲ ಮೂರು ವರ್ಷದ ಗಿಡಕ್ಕೆ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ 20 ಲೀಟರ್. ದೊಡ್ಡ ಮರಕ್ಕೆ ದಿನಾ ಎರಡು ಚೊಂಬು ಸುರಿಯುವ ಬದಲು ತಿಂಗಳಿಗೊಮ್ಮೆ ನೆರಳಿನ ಅಂಚಿನಲ್ಲಿ ಪೈಪ್ ಬಿಟ್ಟು ಅಡಿ ಆಳ ನೆನೆಸಿ. ಮೊಳೆ ಹೊಡೆದ ಬೋರ್ಡು, ಬಟ್ಟೆ ಒಣಹಾಕಲು ಸುತ್ತಿದ ತಂತಿ, ದೀಪಾವಳಿಗೆ ಬಿಗಿದು ಮರೆತ ಸೀರಿಯಲ್ ಸೆಟ್ ಇವನ್ನೆಲ್ಲ ಬಿಚ್ಚಿಸಿ. ತೊಗಟೆಯೊಳಗೆ ಹೂತುಹೋದ ತಂತಿ ಕೊನೆಗೆ ಆಹಾರ ಇಳಿಯುವ ದಾರಿಯನ್ನೇ ಕತ್ತರಿಸುತ್ತದೆ.

ಮಾವಿನ ಬೊಡ್ಡೆಯ ಬಳಿ ಮರದ ಹೊಟ್ಟು ಉದುರಿ, ರಂಧ್ರದಿಂದ ಅಂಟು ಇಳಿಯುತ್ತಿದ್ದರೆ ಕಾಂಡಕೊರಕ ಒಳಗಿದೆ. ಸೈಕಲ್ ಕಡ್ಡಿಯನ್ನು ರಂಧ್ರಕ್ಕೆ ತೂರಿಸಿ ಹುಳುವನ್ನು ಚುಚ್ಚಿ ತೆಗೆದು, ಜೇಡಿಮಣ್ಣಿನಿಂದ ಬಾಯಿ ಮುಚ್ಚಿ. ವಾರದ ಮೇಲೆ ಹೊಸ ಹೊಟ್ಟು ಕಂಡರೆ ಇನ್ನೊಂದಿದೆ. ಮರದ ಎಲೆಗಿಂತ ಬೇರೆ ಬಣ್ಣದ, ಸದಾ ಹಸಿರಾದ ಪೊದೆಯೊಂದು ಕೊಂಬೆಯಲ್ಲಿ ಕೂತಿದ್ದರೆ ಅದು ಬಂದಳಿಕೆ. ಹಣ್ಣಾಗಿ ಹಕ್ಕಿಗಳು ಹರಡುವ ಮುನ್ನ, ಅದು ಅಂಟಿದ ಜಾಗಕ್ಕಿಂತ ಒಂದಡಿ ಬೊಡ್ಡೆಯ ಕಡೆಗೆ ಕೊಂಬೆಯನ್ನೇ ತೆಗೆಸಿ. ಬಂದಳಿಕೆಯನ್ನಷ್ಟೇ ಕಿತ್ತರೆ ಒಳಗಿರುವ ಬೇರಿನಿಂದ ಮತ್ತೆ ಏಳುತ್ತದೆ.

ಮೂರು ತಿಂಗಳ ನಂತರ

ಸವರಿದ ಜಾಗದ ಸುತ್ತ ನೇರಕ್ಕೆ ಏಳುವ ಚಿಗುರುಗಳು ಗುಂಪಾಗಿ ಬರುತ್ತವೆ. ಪೆನ್ಸಿಲ್ ದಪ್ಪವಾಗುವ ಮೊದಲೇ, ಹೊರಮುಖವಾಗಿರುವ ಒಂದೆರಡನ್ನು ಉಳಿಸಿ ಉಳಿದವನ್ನು ಕೈಯಿಂದ ಮುರಿದು ತೆಗೆಯಿರಿ. ಈ ಕೆಲಸಕ್ಕೆ ಯಾರನ್ನೂ ಕರೆಯಬೇಕಿಲ್ಲ, ಏಣಿ ಸಾಕು.

ಹಿಂದೆ ಯಾರೋ ಬೋಳಿಸಿಹೋದ ಮರ ನಿಮ್ಮ ಪಾಲಿಗೆ ಬಂದಿದ್ದರೂ ಕೈಬಿಡಬೇಡಿ. ಒಂದೊಂದು ಮೋಟಿನಲ್ಲೂ ಗಟ್ಟಿಯಾದ, ಚೆನ್ನಾಗಿ ಅಂತರವಿರುವ ಎರಡು ಚಿಗುರುಗಳನ್ನು ಆರಿಸಿ, ಉಳಿದವನ್ನು ಮೂರು ವರ್ಷಕ್ಕೆ ಹಂಚಿ ತೆಗೆಸುತ್ತ ಬನ್ನಿ. ಒಂದೇ ಸಲ ತೆಗೆದರೆ ಮತ್ತೆ ಅಷ್ಟೇ ಚಿಗುರು ಏಳುತ್ತದೆ. ಆ ಮೂರು ವರ್ಷವೂ ಗಾಳಿಮಳೆಗೆ ಮೊದಲು ಮೋಟುಗಳ ಕೊಳೆ ಎಷ್ಟು ಇಳಿದಿದೆ ಎಂದು ನೋಡಿಸಿ. ಚಾಕು ಸಲೀಸಾಗಿ ಒಳಗಿಳಿಯುವ ಮೋಟಿನ ಮೇಲಿನ ಚಿಗುರುಗಳನ್ನು ಉದ್ದ ಬೆಳೆಯಲು ಬಿಡಬೇಡಿ.